ಹನ್ನೊಂದರಲ್ಲಿ ನಾಲ್ಕು

ಹವಾಮಾನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮುನ್ಸೂಚನೆ ಬರೆಯುತ್ತಿದ್ದವಳಿಗೆ ಮನೆಯಲ್ಲಿ 'ಮಳೆಯಕ್ಕ' ಎಂದೇ ಹೆಸರು. ಹೆಸರಿಟ್ಟವನು ಅವಳ ತಮ್ಮ. ಟೈಲ್ಸ್ ಕೂರಿಸುವುದು ಅವನ ಕಸುಬು. ಬಾಯಿ ಒರಟು, ಕೈ ಒರಟು, ಅವನು ಹಾಕಿದ ನೆಲ ಮಾತ್ರ ಕನ್ನಡಿ.

ಒಡೆದ ಟೈಲಿನ ಚೂರೊಂದು ಅವನ ಬಲಗಾಲಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯ ಕಾಲು, ನೋವೇ ತಿಳಿಯಲಿಲ್ಲ. ಬಟ್ಟೆ ಸುತ್ತಿಕೊಂಡು ಮೂರು ವಾರ ಕೆಲಸಕ್ಕೆ ಹೋದ. ಉಗುರಲ್ಲಿ ಹೋಗುವುದು ಕೊಡಲಿಗೆ ಬಂತು ಎನ್ನುತ್ತಾರಲ್ಲ, ಹಾಗೆ ಆಸ್ಪತ್ರೆ ಸೇರುವ ಹೊತ್ತಿಗೆ ಕೀವು ಮೂಳೆಗಿಳಿದಿತ್ತು.

ಡಾಕ್ಟರು ಅಕ್ಕನನ್ನೂ ತಮ್ಮನ ಹೆಂಡತಿಯನ್ನೂ ಕೋಣೆಗೆ ಕರೆದು ಕೂರಿಸಿದರು.

"ಎರಡು ದಾರಿ ಇದೆ. ಈಗಲೇ ಮೊಣಕಾಲಿನ ಕೆಳಗೆ ತೆಗೆದುಬಿಡೋದು. ಕೃತಕ ಕಾಲೂ ಸೇರಿ ಮೂರು ಲಕ್ಷ ಆಗುತ್ತೆ, ಅಲ್ಲಿಗೆ ಮುಗೀತು. ಇಲ್ಲಾಂದ್ರೆ ಮೂಳೆ ಕೆರೆದು, ಮೂರು ತಿಂಗಳು ಔಷಧಿ ಕೊಡೋದು. ಒಂದೂವರೆ ಲಕ್ಷ. ನೂರಕ್ಕೆ ಅರವತ್ತು ಜನರಿಗೆ ಕಾಲು ಉಳಿಯುತ್ತೆ."

"ಉಳೀದಿದ್ರೆ?" ಎಂದಳು ಮಳೆಯಕ್ಕ.

"ಆಗ ತೊಡೆಯಲ್ಲೇ ತೆಗೀಬೇಕಾಗುತ್ತೆ. ಮೊದಲಿನದರ ಮೇಲೆ ಮತ್ತೆ ಮೂರೂವರೆ ಲಕ್ಷ."

ತಮ್ಮನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಲೆಕ್ಕ ನೀವೇ ನೋಡಿ ಅಕ್ಕ, ನನ್ನ ತಲೆ ಓಡ್ತಿಲ್ಲ" ಎಂದಳು.

ಮಳೆಯಕ್ಕ ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದಳು. ಇಂಥವರು ಹತ್ತು ಜನ ಎಂದುಕೊಂಡರೆ, ಆರು ಜನಕ್ಕೆ ಒಂದೂವರೆಯಂತೆ ಒಂಬತ್ತು, ನಾಲ್ಕು ಜನಕ್ಕೆ ಐದರಂತೆ ಇಪ್ಪತ್ತು. ಒಟ್ಟು ಇಪ್ಪತ್ತೊಂಬತ್ತು. ತಲೆಗೆ ಎರಡು ಲಕ್ಷ ತೊಂಬತ್ತು ಸಾವಿರ. ಕಾಲು ತೆಗೆಸಿದರೆ ಮೂರು ಲಕ್ಷ. ಎರಡೂ ಹೆಚ್ಚುಕಡಿಮೆ ಒಂದೇ, ಮೇಲಾಗಿ ಇದರಲ್ಲಿ ಕಾಲು ಉಳಿಯುವ ಆಸೆಯೂ ಇದೆ. ಬೇರೆ ಯಾರಾದರೂ ಅಲ್ಲಿಗೇ ಪೆನ್ನು ಮುಚ್ಚುತ್ತಿದ್ದರು.

ಆದರೆ ಅಭ್ಯಾಸಬಲ ಎಂಬುದೊಂದಿದೆ. ಬೆಟ್ಟದ ಮೇಲಿನ ಮಳೆಯ ಲೆಕ್ಕವನ್ನು ಬಯಲಿಗೆ ಹೇಳಬಾರದು ಎಂದು ಅವಳು ಕಚೇರಿಯಲ್ಲಿ ಎಷ್ಟು ಜನರಿಗೆ ಗದರಿದ್ದಳೋ.

"ಈ ಅರವತ್ತು ಯಾರ ಲೆಕ್ಕ ಡಾಕ್ಟ್ರೇ?"

"ನಮ್ಮಲ್ಲೇ, ಎರಡು ವರ್ಷದ್ದು. ನಲವತ್ತೆರಡು ಜನರಲ್ಲಿ ಇಪ್ಪತ್ತೈದು ಜನಕ್ಕೆ ವಾಸಿಯಾಗಿದೆ."

"ಅವರಲ್ಲಿ ಸಕ್ಕರೆ ಕಾಯಿಲೆ ಇದ್ದವರು ಎಷ್ಟು?"

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ ಕಂಪ್ಯೂಟರಿನತ್ತ ತಿರುಗಿದರು.

"ಹನ್ನೊಂದು."

"ಕಾಲು ಉಳಿದಿದ್ದು?"

"ನಾಲ್ಕು ಜನಕ್ಕೆ." ಅವರು ಕನ್ನಡಕ ತೆಗೆದರು. "ಇದನ್ನ ನಾನೇ ಮೊದಲು ಹೇಳಬೇಕಿತ್ತು."

ಅವಳು ಮತ್ತೆ ಬರೆದಳು. ನಾಲ್ಕು ಜನಕ್ಕೆ ಆರು ಲಕ್ಷ, ಏಳು ಜನಕ್ಕೆ ಮೂವತ್ತೈದು. ಒಟ್ಟನ್ನು ಹನ್ನೊಂದರಿಂದ ಭಾಗಿಸಿದರೆ ಮೂರೂಮುಕ್ಕಾಲು ಲಕ್ಷದ ಹತ್ತಿರ. ಹನ್ನೊಂದು ಜನ ಬಹಳ ಕಡಿಮೆ, ಅಷ್ಟನ್ನೇ ನೆಚ್ಚಲಾಗದು ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಇದ್ದದ್ದೇ ಅಷ್ಟು.

ಅಳು ಬರಬಹುದೆಂದು ಕಾದಳು, ಬರಲಿಲ್ಲ. ಮನಸ್ಸು ಮರಗಟ್ಟಿಹೋಗಿತ್ತು.

ವಾರ್ಡಿನಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು.

"ನಾಲ್ಕು ಜನಕ್ಕೆ ಉಳಿದಿದೆ ತಾನೇ?"

"ಉಳಿದಿದೆ."

"ನೀನು ಕೇಳದೇ ಇದ್ದಿದ್ರೆ ಅರವತ್ತೇ ಇರ್ತಿತ್ತು."

"ಹೇಳೋದಕ್ಕೆ ಇರ್ತಿತ್ತು ಕಣೋ. ನಿನ್ನ ಕಾಲಿಗೆ ಇರ್ತಿರಲಿಲ್ಲ."

"ದುಡ್ಡಿನ ಮಾತು ಬಿಡು. ನಿನ್ನ ಚೀಟೀಲಿ ನನ್ನ ಕಾಲಿಗೆ ಎಷ್ಟು ಬೆಲೆ ಹಾಕಿದೀಯ?"

ಅವಳು ಚೀಟಿ ನೋಡಿದಳು. ಅದಕ್ಕೆ ಅವಳು ಏನೂ ಹಾಕಿರಲಿಲ್ಲ. "ಅದನ್ನ ನೀನೇ ಹಾಕಬೇಕು. ಮೊಣಕಾಲಿಗೂ ಹಾಕು. ಅದು ಉಳಿದ್ರೆ ನಡಿಗೆ ಸುಲಭ ಅಂತಾರೆ."

ಅವನು ಎಡಗೈಯಿಂದ ಮೊಣಕಾಲ ಚಿಪ್ಪನ್ನು ಸವರಿದ. ಇಪ್ಪತ್ತು ವರ್ಷ ಮಂಡಿಯೂರಿ ದುಡಿದ ಗಟ್ಟಿ ಚರ್ಮ. ಕೊನೆಗೆ ಹೆಂಡತಿಯ ಕಡೆ ತಿರುಗಿ, "ಮೊಣಕಾಲು ಉಳಿಸ್ಕೊಳ್ಳೋಣ" ಎಂದ. ಅವಳು ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಲ್ಲ ಸುಸೂತ್ರ. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಗಾಯ ಚೊಕ್ಕವಾಗಿ ಒಣಗಿತ್ತು. ಡಾಕ್ಟರು ಅವನ ಬೆನ್ನು ತಟ್ಟಿ ಹೋದರು.

ಎಲ್ಲರೂ ಹೋದ ಮೇಲೆ ತಮ್ಮ ಕೇಳಿದ. "ಅಕ್ಕಾ, ನಾನು ಆ ನಾಲ್ಕರಲ್ಲಿ ಇದ್ನಾ, ಏಳರಲ್ಲಿ ಇದ್ನಾ?"

"ಗೊತ್ತಿಲ್ಲ."

"ಯಾವಾಗ ಗೊತ್ತಾಗುತ್ತೆ?"

ಕಚೇರಿಯಲ್ಲಿ ಈ ಕಷ್ಟವಿರಲಿಲ್ಲ. ಇಂದು ಬರೆದದ್ದು ಸರಿಯೋ ತಪ್ಪೋ ನಾಳೆಯ ಆಕಾಶ ಹೇಳುತ್ತಿತ್ತು. ತಪ್ಪಿದ ದಿನ ಜನ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರು, ಅವಳೂ ಕೇಳಿಸಿಕೊಳ್ಳುತ್ತಿದ್ದಳು. ಇದು ಹಾಗಲ್ಲ. ತೆಗೆದ ಕಾಲು ವಾಸಿಯಾಗುತ್ತಿತ್ತೇ ಎಂದು ಹೇಳುವ ನಾಳೆಯೇ ಇಲ್ಲ.

"ಯಾವತ್ತೂ ಗೊತ್ತಾಗಲ್ಲ" ಎಂದಳು.

"ಹೂಂ" ಎಂದ ಅವನು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು, ಅದೂ ಯಾರೋ ಪಕ್ಕದ ಕೋಣೆಯಲ್ಲಿ ಹೇಳಿದ ಮಾತಿನಂತೆ ದೂರದಿಂದ.

ಆರು ತಿಂಗಳಿಗೆ ಅವನು ಕೃತಕ ಕಾಲಿನಲ್ಲಿ ನಡೆದಾಡಿದ. ಮಂಡಿಯೂರುವುದು ಆಗದು, ಗೋಡೆಯ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾನೆ. ಹೊಲಿಗೆ ಬಿಚ್ಚಿದ ವಾರವೇ ಮಳೆಯಕ್ಕ ರಜೆ ಮುಗಿಸಿ ಕಚೇರಿಗೆ ಹೋಗಿದ್ದಳು. ಮೊದಲ ದಿನವೇ ಯಾರೋ ಫೋನು ಮಾಡಿ, ನಾಳೆ ಮಳೆ ಬರುತ್ತಾ ಇಲ್ಲವಾ, ಒಂದೇ ಮಾತಲ್ಲಿ ಹೇಳಿ ಎಂದರು. ಅವಳು ನೂರಕ್ಕೆ ನಲವತ್ತು ಎಂದು ಹೇಳಿ ಫೋನಿಟ್ಟಳು.