ಕೂಗುವ ಡಬ್ಬಿ

ಭದ್ರಾವತಿ ನ್ಯೂಟೌನಿನ ರಸ್ತೆಬದಿಯ ಆ ಗಾಡಿ ಹೋಟೆಲಿನಲ್ಲಿ ಮೂರ್ತಪ್ಪನವರಿಗೆ ಇದ್ದದ್ದು ಒಂದೇ ಕೆಲಸ, ಗಲ್ಲಾದಲ್ಲಿ ಕೂರುವುದು. ಗಲ್ಲಾ ಎಂದರೆ ಭಾರೀ ಏನಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಸ್ಟೂಲಿನ ಮೇಲೊಂದು ಮರದ ಪೆಟ್ಟಿಗೆ. ತಿಂದವರು ಕೈ ತೊಳೆದು ಬಂದು ತಾವೇ ಹೇಳಬೇಕು, "ಎರಡು ಇಡ್ಲಿ, ಒಂದು ವಡೆ, ಟೀ." ಬಿಲ್ಲು ಗಿಲ್ಲು ಇಲ್ಲ. ಅವರ ಬಾಯಲ್ಲಿ ಬಂದದ್ದನ್ನು ನಂಬಿ ಮೂರ್ತಪ್ಪ ದುಡ್ಡು ಇಸಿದುಕೊಳ್ಳುತ್ತಿದ್ದರು. ಮೂರು ವಡೆ ತಿಂದು ಎರಡೆನ್ನುವ ಭೂಪರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವಡೆಗಾಗಿ ಮನುಷ್ಯನ ಮುಖ ಕೆಡಿಸುವುದೇಕೆ ಎಂದು ಸುಮ್ಮನಿರುತ್ತಿದ್ದರು.

ಒಲೆಯ ಮುಂದಿನ ದುಡಿಮೆಯೆಲ್ಲ ಸೊಸೆ ಸುಪ್ರಿಯಾಳದು. ಮಗ ಯೋಗೇಶ್ ಬೆಳಗಾಗುತ್ತಲೇ ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಹೊರಟುಬಿಡುತ್ತಿದ್ದ. ಬೀದಿಬದಿ ವ್ಯಾಪಾರಿಗಳಿಗೆಂದು ಸರ್ಕಾರ ಕೊಡಿಸಿದ ಸಾಲವೂ ಸುಪ್ರಿಯಾಳ ಹೆಸರಿನಲ್ಲೇ ಇತ್ತು. ಅದು ತೀರುತ್ತ ಬಂದಾಗ ಶಿವಮೊಗ್ಗದ ಬ್ಯಾಂಕಿನಿಂದ ದುಶ್ಯಂತ್ ಎಂಬ ಏಜೆಂಟ್ ಬಂದು, ಗಾಡಿಗೆ ಸ್ಕ್ಯಾನ್ ಮಾಡುವ ಬೋರ್ಡು ಅಂಟಿಸಿ, ಕೆಳಗೊಂದು ಮಾತಾಡುವ ಡಬ್ಬಿ ಇಟ್ಟ.

"ಗಿರಾಕಿಗಳು ಸ್ಕ್ಯಾನ್ ಮಾಡಿದಷ್ಟೂ ನಿಮ್ಗೇ ಒಳ್ಳೇದು ಅಕ್ಕಾ. ಸರ್ಕಾರದಿಂದ ಕ್ಯಾಶ್‌ಬ್ಯಾಕ್ ಬರುತ್ತೆ. ವ್ಯಾಪಾರ ಚೆನ್ನಾಗಿದೆ ಅಂತ ನಮ್ ಕಂಪ್ಯೂಟರಲ್ಲಿ ಕಂಡ್ರೆ ಮುಂದಿನ ದೊಡ್ಡ ಸಾಲಾನೂ ಸಲೀಸು" ಎಂದ.

ಮುಂದಿನ ಸಾಲವೆಂದರೆ ಸುಪ್ರಿಯಾಗೆ ಗ್ರೈಂಡರು. ಮನೆಯ ಹಳೇ ಗ್ರೈಂಡರು ಅರ್ಧ ರುಬ್ಬಿ ನಿಲ್ಲುತ್ತಿತ್ತು. ಉಳಿದರ್ಧವನ್ನು ಒರಳಿನಲ್ಲಿ ತಿರುವಿ ಅವಳ ಮಣಿಕಟ್ಟು ಊದಿಕೊಂಡಿತ್ತು. ಹಾಗಾಗಿ ಅಂದಿನಿಂದ ಅವಳು ಬಂದವರಿಗೆಲ್ಲ ಒಂದೇ ಪಲ್ಲವಿ ಹಾಡತೊಡಗಿದಳು, "ಸ್ಕ್ಯಾನ್ ಮಾಡಿ, ಸ್ಕ್ಯಾನ್ ಮಾಡಿ." ಡಬ್ಬಿಯೋ, ಡಂಗುರ ಸಾರುವವನಂತೆ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು: "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ!" ಮೂರ್ತಪ್ಪನವರ ಪೆಟ್ಟಿಗೆಯತ್ತ ಬರುವವರೇ ಕಡಿಮೆಯಾದರು. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಅವರು ಒದ್ದಾಡಿದರು.

ಕೆಲಸ ಹೋಯಿತೆಂದು ಒದ್ದಾಟವಲ್ಲ. ಅವರ ಚಿಂತೆಯೆಲ್ಲ ಓಬಯ್ಯನದು.

ಓಬಯ್ಯ ಒಂದು ಕಾಲಕ್ಕೆ ಎರಕದ ಕೆಲಸದಲ್ಲಿ ಒಳ್ಳೆಯ ಹೆಸರು ಮಾಡಿದವನು. ಗಾಡಿ ಶುರುವಾದ ದಿನ ಬೋಣಿ ಮಾಡಿದವನು ಅವನೇ. ಮಾರನೆಯ ದಿನ ತನ್ನ ಶಿಫ್ಟಿನ ಅಷ್ಟೂ ಜನರನ್ನು ಕರೆತಂದು ಬೆಂಚು ತುಂಬಿಸಿದ್ದ. ಆಮೇಲೆ ಅವನು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು. ಹೆಂಡತಿ ತೀರಿಕೊಂಡಳು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗ್ಗೆ ತಿಂಡಿಗೆ ಬರುವುದನ್ನು ಬಿಡಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಮನುಷ್ಯನಿಗೆ ಕೆಲವೊಮ್ಮೆ ಉಳಿಯುವುದು ಆ ಮಲ್ಲಿಗೆಯೊಂದೇ.

ಒಂದು ದಿನ ಓಬಯ್ಯ ತಿಂಡಿ ತಿಂದು ಗಲ್ಲಾಕ್ಕೆ ಬಂದು ಮುಷ್ಟಿ ಚಾಚಿದ. ಮೂರ್ತಪ್ಪ ಅಂಗೈ ಒಡ್ಡಿದರು. ಮುಷ್ಟಿ ಬಿಚ್ಚಿತು, ಒಳಗೇನೂ ಇರಲಿಲ್ಲ. ಓಬಯ್ಯನ ಕಣ್ಣು ನೆಲ ನೋಡುತ್ತಿತ್ತು. ಮೂರ್ತಪ್ಪ ಆ ಏನೂ ಇಲ್ಲದ್ದನ್ನು ಜೋಪಾನವಾಗಿ ಪೆಟ್ಟಿಗೆಗೆ ಹಾಕಿ, "ಸರಿಹೋಯ್ತು ಮಾರಾಯ" ಎಂದರು. ಅಂದಿನಿಂದ ಎರಡು ವರ್ಷ ಅದೇ ನಡೆಯಿತು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರಲ್ಲ, ಒಲೆಯ ಮುಂದಿದ್ದ ಸುಪ್ರಿಯಾಗೂ ಅದು ಗೊತ್ತಾಗಲಿಲ್ಲ.

ಡಬ್ಬಿ ಬಂದ ವಾರ ಓಬಯ್ಯ ಎಂದಿನಂತೆ ಮುಷ್ಟಿ ಚಾಚಿಕೊಂಡು ಬಂದ. ಸುಪ್ರಿಯಾ ಒಲೆಯ ಹತ್ತಿರದಿಂದಲೇ ಕೂಗಿದಳು, "ಓಬಯ್ಯನೋರೆ, ಮಾವನ ಕೈಗೆ ಕೊಡ್ಬೇಡಿ. ಕ್ಯಾಶ್ ಕೊಟ್ರೆ ನಮ್ಗೆ ಲೆಕ್ಕಕ್ಕೆ ಬರಲ್ಲ. ಸ್ಕ್ಯಾನ್ ಮಾಡ್ಬಿಡಿ."

ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಷ್ಟಿ ಗಾಳಿಯಲ್ಲೇ ನಿಂತಿತು. "ಫೋನ್ ಚಾರ್ಜಿಲ್ಲಮ್ಮ, ನಾಳೆ ಮಾಡ್ತೀನಿ" ಎಂದು ಓಬಯ್ಯ ಹೊರಟುಹೋದ. ಅವನಲ್ಲಿದ್ದದ್ದು ಬಟನ್ ಫೋನು. ನಾಳೆ ಅವನು ಬರಲಿಲ್ಲ, ನಾಡಿದ್ದೂ ಬರಲಿಲ್ಲ.

ಮೂರ್ತಪ್ಪನವರಿಗೆ ಅನ್ನ ಸೇರಲಿಲ್ಲ. ಸುಪ್ರಿಯಾಗೆ ಹೇಳಿಬಿಡೋಣವೆಂದರೆ ನಾಲಿಗೆ ಏಳದು. ಹೇಳಿದರೆ ಓಬಯ್ಯ ಅವಳ ಕಣ್ಣಿನಲ್ಲಿ ಗಿರಾಕಿಯಾಗಿ ಉಳಿಯುವುದಿಲ್ಲ. ಅದಕ್ಕಿಂತ ಚುಚ್ಚುವ ಇನ್ನೊಂದು ಮಾತಿತ್ತು: ಕೊಟ್ಟ ಇಡ್ಲಿ ಅವಳ ಊದಿದ ಕೈಯದು, ಕೊಟ್ಟ ದೊಡ್ಡಸ್ತಿಕೆ ಮಾತ್ರ ಇವರದು. ಅದು ಈಗ ಹೊಳೆದು ಅವರಿಗೆ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ, "ಸ್ವಲ್ಪ ಶಿವಮೊಗ್ಗಕ್ಕೆ ಹೋಗ್ಬರ್ತೀನಿ" ಎಂದು ಬಸ್ಸು ಹತ್ತಿದರು. ಮಾಚೇನಹಳ್ಳಿ ದಾಟುವಾಗ ಸೀಟಿನಲ್ಲಿ ಕೂತಿದ್ದವರು ಮಲವಗೊಪ್ಪ ಬರುವಷ್ಟರಲ್ಲಿ ಎದ್ದು ಬಾಗಿಲ ಬಳಿ ನಿಂತಿದ್ದರು. ಕಂಡಕ್ಟರ್ ಗದರಿದ, "ಇನ್ನೂ ದೂರ ಐತೆ, ಕೂತ್ಕೊಳಿ ಯಜಮಾನ್ರೆ!"

ಬ್ಯಾಂಕಿನಲ್ಲಿ ದುಶ್ಯಂತ್‌ನನ್ನು ಮೂಲೆಗೆ ಕರೆದು ಕೇಳಿದರು, "ಆ ಡಬ್ಬಿ ಸುಮ್‌ಸುಮ್ನೆ ಕೂಗೋ ಹಂಗೆ ಮಾಡಕ್ಕಾಗುತ್ತೇನಪ್ಪಾ?"

"ದುಡ್ಡು ಬರ್ದೆ ಅದು ಹೆಂಗೆ ಕೂಗುತ್ತೆ ಅಜ್ಜಾ?"

"ಹಂಗಾದ್ರೆ ದುಡ್ಡು ಕಳ್ಸೋದು ಹೇಳ್ಕೊಡು."

ಮಗನ ಹಳೇ ಫೋನು ಅವರ ಜೇಬಿನಲ್ಲಿತ್ತು, ವೃದ್ಧಾಪ್ಯ ವೇತನದ ಖಾತೆಯೂ ಇತ್ತು. ಬ್ಯಾಂಕಿಗೆ ಹೊಸಬರೊಬ್ಬರು ಸಿಕ್ಕರೆಂದು ದುಶ್ಯಂತ್ ಖುಷಿಯಿಂದಲೇ ಎಲ್ಲವನ್ನೂ ಕೂಡಿಸಿಕೊಟ್ಟು, ಸ್ಕ್ಯಾನ್ ಮಾಡದೆಯೂ ಸೊಸೆಯ ಖಾತೆಗೆ ದುಡ್ಡು ಕಳಿಸುವುದನ್ನು ಕಲಿಸಿದ. ವಾಪಸು ಬರುವಾಗ ಮೂರ್ತಪ್ಪ ಮನೆಗೆ ಹೋಗದೆ ನೇರ ಹಳೇನಗರದಲ್ಲಿದ್ದ ಓಬಯ್ಯನ ಮನೆ ಬಾಗಿಲಿಗೆ ಹೋದರು.

"ನಾಳೆ ಬಾ. ಬೋರ್ಡಿನ ಮುಂದೆ ಫೋನ್ ಎತ್ತಿ ಹಿಡಿ, ಸಾಕು. ಕೂಗ್ಸೋದು ನನ್ ಕೆಲ್ಸ."

"ಇದೆಂಥ ನಾಟ್ಕ ಮೂರ್ತಪ್ಪಣ್ಣ?"

"ಎರಡು ವರ್ಷದಿಂದ ಆಡ್ತಿರೋದೇನು ಮತ್ತೆ?"

ಎರಡು ವರ್ಷದಲ್ಲಿ ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಓಬಯ್ಯ ಸಣ್ಣಗೆ ನಕ್ಕ.

ಬೆಳಗ್ಗೆ ಗಾಡಿಯ ಮುಂದೆ ಜನವೋ ಜನ. ಓಬಯ್ಯ ತಿಂದು, ಕೈ ತೊಳೆದು, ಬಟನ್ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬೋರ್ಡಿನ ಮುಂದೆ ಎತ್ತಿ ಹಿಡಿದ. ಮೂರ್ತಪ್ಪ ತೊಡೆಯ ಮೇಲೆ ಹಾಸಿಕೊಂಡ ಟವಲ್ಲಿನ ಕೆಳಗೆ ಫೋನಿನ ಮೇಲೆ ಬೆರಳಾಡಿಸಿದರು. ಬೆವರಿದ ಬೆರಳು ಎಲ್ಲೆಲ್ಲೋ ಒತ್ತಿತು. ಪಿನ್ ತಪ್ಪಾಯಿತು, ಮತ್ತೆ ಒತ್ತಿದರು. ಓಬಯ್ಯನ ಹಿಂದೆ ನಿಂತವನು, "ಆಯ್ತಾ ಯಜಮಾನ್ರೆ?" ಎಂದು ಅವಸರಪಡಿಸಿದ. ಮೂರ್ತಪ್ಪ ಮನೆದೇವರನ್ನು ನೆನೆದು ಕೊನೆಯ ಗುಂಡಿ ಒತ್ತಿದರು.

"ಮುನ್ನೂರು ರೂಪಾಯಿ ಸ್ವೀಕರಿಸಲಾಗಿದೆ!"

ಮೂವತ್ತಕ್ಕೆ ಒಂದು ಸೊನ್ನೆ ಹೆಚ್ಚು ಬಿದ್ದಿತ್ತು. ಬೆಂಚಿಗೆ ಬೆಂಚೇ ತಿರುಗಿತು. "ಏನ್ ಓಬಯ್ಯ, ಗಾಡೀನೇ ತಿಂದ್ಯಾ?" ಎಂದು ಯಾರೋ ಕೇಳಿದರು, ಎಲ್ಲರೂ ಗೊಳ್ಳೆಂದು ನಕ್ಕರು. ಓಬಯ್ಯನ ಮುಖದಲ್ಲಿ ರಕ್ತವಿರಲಿಲ್ಲ.

ಸುಪ್ರಿಯಾ ತನ್ನ ಫೋನು ನೋಡಿದಳು. ಕಳಿಸಿದವರ ಹೆಸರು ಮೂರ್ತಪ್ಪ ಎಂದಿತ್ತು. ಅವಳು ಮಾವನನ್ನು ನೋಡಿದಳು, ಒಳಗಿನ ಫೋನಿನ ಬೆಳಕಿಗೆ ಬೆಳಗುತ್ತಿದ್ದ ಟವಲ್ಲನ್ನು ನೋಡಿದಳು, ಓಬಯ್ಯನ ಅಂಗೈ ಸಂದಿಯಲ್ಲಿ ಇಣುಕುತ್ತಿದ್ದ ಬಟನ್ ಫೋನನ್ನೂ ನೋಡಿದಳು.

"ಯಾಕೆ ನಗ್ತೀರಿ?" ಎಂದಳು ಜೋರಾಗಿ. "ಓಬಯ್ಯನೋರು ಹತ್ತು ದಿನದ್ದು ಮುಂಗಡ ಕೊಟ್ಟಿದ್ದಾರೆ. ನಿಮ್ ಥರ ನೆಟ್‌ವರ್ಕಿಲ್ಲ, ಸರ್ವರ್ ಡೌನು ಅಂತ ದಿನಾ ರಾಗ ಎಳೆಯಲ್ಲ ಅವ್ರು."

ಜನ ಕರಗಿದ ಮೇಲೆ ಅವಳು ಪಾತ್ರೆ ತಿಕ್ಕುತ್ತ ಕೂತಳು. ಮೂರ್ತಪ್ಪ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದರು.

"ನನ್ ಕೈಯಾರೆ ಮಾಡಿದ ಇಡ್ಲಿ ಮಾವ. ನನ್ಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿರ್ಲಿಲ್ಲಮ್ಮ. ಆದ್ರೆ ಅವನಿಗೆ ಬಡಿಸೋವಾಗ ನಿನ್ ಮುಖ ಬೇರೆ ಆಗಿರೋದು. ಅವನಿಗೆ ಅದು ತಿಳ್ದುಬಿಡೋದು. ಆದ್ರೂ ನಂದು ತಪ್ಪೇ."

ಅವಳು ಪಾತ್ರೆಯನ್ನು ಕುಕ್ಕಿದ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಆ ಹತ್ತು ದಿನವೂ ಅವಳು ಆ ಮಾತೆತ್ತಲಿಲ್ಲ. ಓಬಯ್ಯ ಬರುತ್ತಿದ್ದ, ತಿನ್ನುತ್ತಿದ್ದ, ಮುಂಗಡ ಕೊಟ್ಟವನ ಗತ್ತಿನಲ್ಲಿ ಹೋಗುತ್ತಿದ್ದ. ಮೂರ್ತಪ್ಪನವರಿಗೆ ಮಾತ್ರ ದಿನ ಕಳೆದಂತೆ ಎದೆ ಭಾರವಾಯಿತು. ಮುಂಗಡ ತೀರಿದ ಮೇಲೆ ಏನು? ಖಾತೆಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ, ಸೊಸೆಯ ಮನಸ್ಸಂತೂ ತಿಳಿಯದು.

ಹನ್ನೊಂದನೆಯ ದಿನ ಓಬಯ್ಯ ತಿಂಡಿ ತಿಂದು ಕೈ ತೊಳೆದ. ಬೋರ್ಡಿನ ಕಡೆ ಹೋಗುವುದೋ ಗಲ್ಲಾದ ಕಡೆ ಹೋಗುವುದೋ ತಿಳಿಯದೆ ನಡುವೆ ನಿಂತುಬಿಟ್ಟ. ಮೂರ್ತಪ್ಪ ಟವಲ್ಲಿನ ಕೆಳಗೆ ಫೋನು ತಡಕಿದರು.

ಅಷ್ಟರಲ್ಲಿ ಸುಪ್ರಿಯಾ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಈಚೆ ಬಂದಳು. ಎಲ್ಲರೆದುರು ಓಬಯ್ಯನ ಮುಂದೆ ಅಂಗೈ ಒಡ್ಡಿದಳು. "ಇಲ್ಲಿ ಕೊಡಿ ಓಬಯ್ಯನೋರೆ. ನಿಮ್ ಹತ್ರ ಕ್ಯಾಶೇ ಇಸ್ಕೊತೀನಿ."

ಓಬಯ್ಯ ಮೂರ್ತಪ್ಪನವರ ಮುಖ ನೋಡಿದ. ಅವರ ಕಣ್ಣು ತುಂಬಿತ್ತು. ಅವನು ನಿಧಾನವಾಗಿ ಖಾಲಿ ಮುಷ್ಟಿಯನ್ನು ಅವಳ ಅಂಗೈ ಮೇಲೆ ಬಿಚ್ಚಿದ. ಊದಿಕೊಂಡ ಮಣಿಕಟ್ಟಿನ ಆ ಕೈ ಗಟ್ಟಿಯಾಗಿ ಮುಚ್ಚಿಕೊಂಡಿತು. ಸುಪ್ರಿಯಾ ಗಲ್ಲಾಕ್ಕೆ ಹೋಗಿ, ಮುಚ್ಚಳ ತೆಗೆದು ಕೈ ಒಳಗಿಟ್ಟು ಹುಡುಕಿದಳು.

"ಅಯ್ಯೋ, ಚಿಲ್ಲರೆ ಇಲ್ವಲ್ಲ. ನಾಳೆ ಬಂದು ಇಸ್ಕೊಳ್ತೀರಾ?"

"ಆಗ್ಲಮ್ಮ" ಎಂದ ಓಬಯ್ಯ. "ನಾಳೆ ಬರ್ತೀನಿ."