ಸುಬ್ಬಮ್ಮನ ಕೈ

ನನಗೆ ಸಿಟ್ಟು ಬೇಗ ಬರುತ್ತೆ. ಯಲಹಂಕದ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಆ ವಾರವಂತೂ ತಲೆ ಕೆಟ್ಟು ಕೂತಿದ್ದೆ. ಹಸುಗೂಸುಗಳ ವಾರ್ಡಿನಲ್ಲಿ ಐದು ಕೂಸುಗಳಿಗೆ ಜ್ವರ, ಐದರ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯಾ. ವಾರ್ಡಿನವರೆಲ್ಲರ ಕೈ ಪರೀಕ್ಷೆ ಮಾಡಿದೆವು. ಅದು ಸಿಕ್ಕಿದ್ದು ಆಯಾ ಸುಬ್ಬಮ್ಮನ ಕೈಯಲ್ಲಿ ಮಾತ್ರ.

"ಕೈ ಸರಿಯಾಗಿ ತೊಳಿ ಅಂತ ಎಷ್ಟು ಸಲ ಬಡ್ಕೊಂಡೆ?" ಅಂತ ಎಲ್ಲರೆದುರೇ ಬೈದೆ.

"ತೊಳ್ದೆ ಕಣಮ್ಮ. ಒಂದೊಂದ್ ಕೂಸು ಮುಟ್ಟೋ ಮುಂಚೇನೂ ತೊಳ್ದೆ" ಅಂದಳು. ಯಾರೂ ನಂಬಲಿಲ್ಲ. ಇಪ್ಪತ್ತು ವರ್ಷ ದುಡಿದವಳನ್ನು ಮನೆಗೆ ಕಳಿಸಿದರು. ತಪ್ಪು ಅವಳದೇ ಅಂತಾದರೆ ಕೆಲಸವೂ ಹೋಗುತ್ತಿತ್ತು.

ನನ್ನ ಕೈಕೆಳಗಿನ ಗಜಾಲಾ ಆ ಬ್ಯಾಕ್ಟೀರಿಯಾದ ಜೀನೋಮನ್ನು, ಅಂದರೆ ಅದರ ಡಿಎನ್ಎ ಬರಹವನ್ನು, ಪೂರ್ತಿ ಓದಿಸಿದಳು, ಐವತ್ತು ಲಕ್ಷ ಅಕ್ಷರ. ಓದಿ ಮುಗಿದದ್ದೇ ತಡ, "ಶಾಂತಲಾ ಮೇಡಂ, ಇದನ್ನ ಇವತ್ತೇ ಓಪನ್ ಡೇಟಾಬೇಸ್‌ಗೆ ಹಾಕ್ತೀನಿ. ಯಾವ ದೇಶದವ್ರು ಬೇಕಾದ್ರೂ ನೋಡ್ಬಹುದು. ಬೇರೆ ಎಲ್ಲಾದ್ರೂ ಇದೇ ಸಿಕ್ಕಿದ್ರೆ, ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ" ಅಂದಳು.

"ತಲೆ ನೆಟ್ಟಗಿದೆಯೇನೇ? ಮೊದ್ಲು ಪೇಪರ್ ಬರಿ. ಇಲ್ಲಾಂದ್ರೆ ಇನ್ಯಾರೋ ಹೊಡ್ಕೊಂಡು ಹೋಗ್ತಾರೆ."

"ಹೋಗ್ಲಿ ಬಿಡಿ ಮೇಡಂ. ಪೇಪರ್‌ಗೆ ಆರು ತಿಂಗಳು ಬೇಕು. ಸುಬ್ಬಮ್ಮಂಗೆ ಅಷ್ಟು ಟೈಮ್ ಇಲ್ಲ."

ಮುಖ ಊದಿಸಿಕೊಂಡೇ ಸಹಿ ಹಾಕಿದೆ. ಕೂಸುಗಳ ಹೆಸರು ಎಲ್ಲೂ ಇರಲಿಲ್ಲ. ಊರು, ತಾರೀಕು, ಬ್ಯಾಕ್ಟೀರಿಯಾ, ಅಷ್ಟೇ.

ಮೂರನೇ ದಿನ ಕೊಲಂಬೊದ ಒಂದು ಲ್ಯಾಬಿನಿಂದ ಮೇಲ್ ಬಂತು. ಬರೆದವರು ನಾವು ಕಂಡು ಕೇಳರಿಯದ ಹೆಂಗಸು. ಅವರಿಗೆ ಸಿಕ್ಕ ಬ್ಯಾಕ್ಟೀರಿಯಾಕ್ಕೂ ನಮ್ಮದಕ್ಕೂ ಐವತ್ತು ಲಕ್ಷದಲ್ಲಿ ಮೂರೇ ಅಕ್ಷರ ವ್ಯತ್ಯಾಸವಂತೆ, ಅಂದರೆ ಎರಡರ ಮೂಲವೂ ಒಂದೇ. ಅವರಿಗದು ಸಿಕ್ಕಿದ್ದು ಸೀಲ್ ಒಡೆಯದ ಹ್ಯಾಂಡ್‌ವಾಶ್ ಕ್ಯಾನಿನೊಳಗೆ. ಕಂಪನಿಯ ಹೆಸರೂ ಬರೆದಿದ್ದರು. ಆಸ್ಪತ್ರೆಯ ಸ್ಟೋರ್ ರೂಮಿಗೆ ಓಡಿದೆವು, ಅದೇ ಕಂಪನಿಯ ಕ್ಯಾನು. ಲ್ಯಾಬಿನಲ್ಲಿ ಪರೀಕ್ಷೆಗಿಟ್ಟ ಎರಡು ದಿನಕ್ಕೆ ಅದರಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆಯಿತು.

ಆಗ ವಾರ್ಡಿನವರನ್ನೆಲ್ಲ ಮತ್ತೆ ಕರೆದು ವಿಚಾರಿಸಿದೆ. ಉಳಿದವರೆಲ್ಲ ಅವಸರದಲ್ಲಿ ಸ್ಯಾನಿಟೈಜರ್ ಉಜ್ಜಿಕೊಂಡು ಹೋಗುತ್ತಿದ್ದರು. ಗೋಡೆಗೆ ಅಂಟಿಸಿದ ನಿಯಮದಂತೆ ಪ್ರತಿ ಸಲವೂ ಆ ಸೋಪಿನಲ್ಲೇ ಕೈ ತೊಳೆದವಳು ಸುಬ್ಬಮ್ಮ ಒಬ್ಬಳೇ.

ಕ್ಯಾನುಗಳನ್ನು ತೆಗೆಸಿದೆವು. ಹೊಸದಾಗಿ ಯಾವ ಕೂಸಿಗೂ ಜ್ವರ ಬರಲಿಲ್ಲ, ಐದೂ ಚೇತರಿಸಿಕೊಂಡವು. ಪೇಪರ್ ಬರೀತೀನಿ ಅಂತ ಮೂರು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ನಲವತ್ತು ಜೀನೋಮನ್ನು ಅವತ್ತೇ ಗಜಾಲಾಳಿಗೆ ಕೊಟ್ಟು, ಎಲ್ಲಾ ಹಾಕಮ್ಮ ಅಂದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳೆದುರು ನಾಚಿಕೆಯೂ ಆಯಿತು, ಅವಳ ಮೇಲೆ ಹೆಮ್ಮೆಯೂ ಬಂತು.

ಇಬ್ಬರೂ ಪುಟ್ಟೇನಹಳ್ಳಿಯ ಸುಬ್ಬಮ್ಮನ ಮನೆಗೆ ಹೋದೆವು. ಸುಬ್ಬಮ್ಮ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಾಣಂತಿ ಮಗಳ ಕೂಸು ಒಂದೇ ಸಮ ಅಳುತ್ತಿತ್ತು. ಆದರೂ ಸುಬ್ಬಮ್ಮ ಎದ್ದು ಹೋಗಲಿಲ್ಲ.

"ತಪ್ಪು ನಿಮ್ದಲ್ಲ ಸುಬ್ಬಮ್ಮ, ಆ ಸೋಪಿಂದು. ಬೈದಿದ್ದಕ್ಕೆ ಕ್ಷಮಿಸಿ. ನಾಳೆಯಿಂದ ಕೆಲ್ಸಕ್ಕೆ ಬನ್ನಿ."

ಕೆಲಸದ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ತೊಳೆದು ತೊಳೆದು ಬಿರುಕುಬಿಟ್ಟಿದ್ದ ಎರಡೂ ಕೈಯನ್ನು ನನ್ನ ಮುಂದೆ ಚಾಚಿದಳು.

"ಅಂಗಾದ್ರೆ ಮೊಮ್ಮಗೀನ ಎತ್ಕೋಬೋದಾ ಅಮ್ಮ? ಎರಡ್ ವಾರ ಆಯ್ತು, ಮುಟ್ಟಿಲ್ಲ."

ಗಜಾಲಾ ಬ್ಯಾಗಿನಿಂದ ಹೊಸ ಸೋಪು ತೆಗೆದಳು. ನಾನು ಚೊಂಬು ತಂದು ಸುಬ್ಬಮ್ಮನ ಕೈಗೆ ನೀರು ಹೊಯ್ದೆ.