ವುರ್ಸ್ಟರ್ ಅಜ್ಜನ ತೊಂಬತ್ತಕ್ಕೆ ಒಂದು ದಿನ ಮುಂಚೆ

ಜುಮ್ರೆತಾಗೆ ಮೂವತ್ತೈದು ವಯಸ್ಸು. ಅವಳ ಜರ್ಮನ್‌ಗೆ ಮಾತ್ರ ಬರೀ ಏಳು.

ಬೋಸ್ನಿಯಾದಲ್ಲಿ ಯುದ್ಧ ಆದಾಗ ಅಪ್ಪ-ಅಮ್ಮ ಅವಳನ್ನ ಎತ್ಕೊಂಡು ಜರ್ಮನಿಗೆ ಓಡಿ ಬಂದಿದ್ರು. ಯುದ್ಧ ಮುಗೀತು, ಗಂಟುಮೂಟೆ ಕಟ್ಟಿ ಅಂತ ಜರ್ಮನಿಯೋರು ವಾಪಸ್ ಕಳಿಸಿದ್ರು. ಎರಡನೇ ಕ್ಲಾಸಿಗೇ ಭಾಷೆ ನಿಂತೋಯ್ತು. ಈಗ ಮತ್ತೆ ಬಂದಿದಾಳೆ, ನೆಕ್ಕರ್ ನದಿ ದಡದ ಒಂದು ಪುಟ್ಟ ಊರಿಗೆ, ವೃದ್ಧಾಶ್ರಮದಲ್ಲಿ ಅಜ್ಜ-ಅಜ್ಜಿಯರನ್ನ ನೋಡ್ಕೊಳ್ಳೋ ಕೆಲಸಕ್ಕೆ. ಮೊದಲ ದಿನವೇ ಊಟದ ಹಾಲ್‌ನಲ್ಲಿ, ತೊಂಬತ್ತರ ಹತ್ರ ಬಂದಿದ್ದ ವುರ್ಸ್ಟರ್ ಅಜ್ಜಂಗೆ "ಏಯ್, ನಿಂಗೆ ಉಚ್ಚೆ ಬಂತಾ?" ಅಂತ ಕೇಳಿದ್ಲು. ಏನ್ ಎಂಟ್ರಿ ಗುರು! ಹಲ್ಲಿದ್ದೋರು, ಇಲ್ದಿರೋರು, ಎಲ್ಲಾ ಸೂಪು ಉಗುಳ್ಕೊಂಡು ನಕ್ರು.

ವುರ್ಸ್ಟರ್ ಅಜ್ಜ ಮಾತ್ರ ನಗಲಿಲ್ಲ. ನಲವತ್ತು ವರ್ಷ ಸ್ಕೂಲ್ ಮೇಷ್ಟ್ರಾಗಿದ್ದ ಆಸಾಮಿ. ಅವತ್ತಿಂದ ಅವಳು ಚಮಚ ತಂದ್ರೆ ಬಾಯಿ ಬಿಗಿ ಮುಚ್ಕೊಳ್ಳೋನು. ವಾಕ್ಯ ಸರಿಯಾಗಿ ಹೇಳಿದ್ರೆ ಮಾತ್ರ ಬಾಯಿ ತೆಗೆಯೋದು. ತಪ್ಪಾದ್ರೆ ಟಕ್ ಅಂತ ತಟ್ಟೆಗೊಂದು ಏಟು.

"ಮತ್ತೆ ಹೇಳು, ದಡ್ಡಿ."

ಸೂಪು ಆರಿ ತಣ್ಣಗಾಗೋದು, ಅವಳ ಕಿವಿ ಬಿಸಿಯಾಗೋದು. ಆದ್ರೂ ಹತ್ತತ್ರ ಆರು ತಿಂಗಳಲ್ಲಿ ಏಳು ವರ್ಷದ ಭಾಷೆಗೆ ಮೀಸೆ ಬಂದಿದ್ದು ಆ ಚಮಚದಿಂದಲೇ.

ಶುಕ್ರವಾರಕ್ಕೆ ಆರು ತಿಂಗಳ ಟ್ರಯಲ್ ಮುಗಿಯುತ್ತೆ. ಪಾಸಾದ್ರೆ ಕೆಲಸ ಪರ್ಮನೆಂಟು. ಕೆಲಸ ಪರ್ಮನೆಂಟಾದ್ರೆ ಬೋಸ್ನಿಯಾದ ಜೆನಿತ್ಸಾದಲ್ಲಿ ಅಜ್ಜಿ ಹತ್ರ ಬಿಟ್ಟು ಬಂದಿರೋ ಮಗಳು ಮೆರಿಮಾ ಇಲ್ಲಿಗೆ ಬರಬಹುದು. ಅವಳಿಗೂ ಈಗ ಏಳೇ ವರ್ಷ.

ಬುಧವಾರ ಬೆಳಿಗ್ಗೆ, ಜೊತೆಗೆ ಕೆಲಸ ಮಾಡೋ ಹೈಕೆ ಕಾಫಿ ಕಪ್ ಹಿಡ್ಕೊಂಡು ಬಂದ್ಲು. ಹೈಕೆಗೆ ಇವಳ ಮೇಲೆ ಕೋಪ ಏನಿರಲಿಲ್ಲ. ಬೋರ್ ಆಗ್ತಿತ್ತು, ಅಷ್ಟೇ.

"ಜುಮೀ, ನಾಳೆ ಮುದುಕಂಗೆ ತೊಂಬತ್ತು ಕಣೆ. ಮೇಯರ್ ಬೇರೆ ಬರ್ತಾನೆ."

"ಅಯ್ಯೋ, ನಾಳೆ ನಂಗೆ ರಜ!"

"ಅದಕ್ಕೇನೀಗ? ಇವತ್ತೇ ವಿಶ್ ಮಾಡು. ಹಾಲ್‌ನಲ್ಲಿ, ಎಲ್ಲರ ಮುಂದೆ. ನಮ್ಮ ಮ್ಯಾನೇಜರ್ ಓಟ್ಮರ್ ಮೇಡಂ ಕೂಡ ಇರ್ತಾರೆ. ಒಂದ್ ಸಲ ಡೈಲಾಗ್ ಹೊಡಿ ನೋಡು, ಪರ್ಮನೆಂಟ್ ನಿಂದೇ."

ಮಧ್ಯಾಹ್ನದ ಬಿಡುವಲ್ಲಿ ಜುಮ್ರೆತಾ ರೂಮಿಗೆ ಓಡಿ ಅಕ್ರೋಟು ಕೇಕು ಮಾಡಿದ್ಲು. ಹಿಟ್ಟು ಕಲಸ್ತಾ ಕಲಸ್ತಾ ಎಂಟು ವಾಕ್ಯ ಬಾಯಿಪಾಠ. ನಾಲ್ಕು ಗಂಟೆ ಕಾಫಿ ಹೊತ್ತಿಗೆ ಕೇಕನ್ನ ಅಜ್ಜನ ಮುಂದಿಟ್ಟು, ನೆಟ್ಟಗೆ ನಿಂತು, ಒಂದೇ ಉಸಿರಲ್ಲಿ ಹೇಳಿದ್ಲು:

"ಮಾನ್ಯ ವುರ್ಸ್ಟರ್ ಅವರೇ, ತಮಗೆ ತೊಂಬತ್ತನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು..."

ಎಂಟು ವಾಕ್ಯ. ಒಂದೂ ತಪ್ಪಿಲ್ಲ. ಟಕ್ ಅನ್ನೋ ಏಟಿಗೆ ಕಾದ್ಲು. ಬರಲಿಲ್ಲ. ಅಜ್ಜನ ಮುಖ ಸುಣ್ಣದ ಗೋಡೆ. ಪಕ್ಕದ ಟೇಬಲ್ ಅಜ್ಜಿ ಎದೆ ಹಿಡ್ಕೊಂಡು ಕಿರುಚಿದ್ಲು.

"ಅಯ್ಯೋ ಪಾಪಿ! ಮುಂಚೆನೇ ಹೇಳಿಬಿಟ್ಯಲ್ಲೇ! ಹುಟ್ಟುಹಬ್ಬಕ್ಕೆ ಮುಂಚೆ ಶುಭಾಶಯ ಹೇಳಿಸ್ಕೊಂಡೋರು ಆ ದಿನ ನೋಡಲ್ಲ ಕಣೇ!"

ಬೋಸ್ನಿಯಾದಲ್ಲಿ ಇಂಥ ನಂಬಿಕೆ ಅವಳು ಕೇಳೇ ಇರಲಿಲ್ಲ. ಹೈಕೆ ಕಡೆ ನೋಡಿದ್ಲು. ಹೈಕೆ ಕರ್ಚೀಫನ್ನ ಬಾಯಿಗೆ ತುರುಕ್ಕೊಂಡು ಅಲುಗಾಡ್ತಿದ್ಲು.

"ಇವಳನ್ನ ಆಚೆ ಕರ್ಕೊಂಡು ಹೋಗಿ," ಅಂದ ಅಜ್ಜ. "ಇನ್ನು ನನ್ನ ಹತ್ರ ಬರಕೂಡದು."

ಗುರುವಾರ ಬೆಳಿಗ್ಗೆ ಅಜ್ಜ ಸತ್ತಿರಲಿಲ್ಲ. ಗುಂಡುಕಲ್ಲಿನ ಹಾಗೆ ಎದ್ದು, ಎರಡು ಮೊಟ್ಟೆ ತಿಂದು, ಟೈ ಕಟ್ಟಿಸ್ಕೊಂಡಿದ್ದ. ಓಟ್ಮರ್ ಮೇಡಂ ಮಾತ್ರ ಜುಮ್ರೆತಾನ ಫೋನ್ ಮಾಡಿ ಕರೆಸಿದ್ರು.

"ನಾನು ಇದನ್ನೆಲ್ಲಾ ನಂಬಲ್ಲ ಕಣಮ್ಮ. ಆದ್ರೆ ವುರ್ಸ್ಟರ್ ಅವರ ಮಗಳು ನಂಬ್ತಾಳೆ. ನಿನ್ನೆ ಸಂಜೆನೇ ಗಲಾಟೆ ಮಾಡಿದ್ಲು."

"ಹೈಕೆನೇ ಮೇಡಂ ಹೇಳ್ಕೊಟ್ಟಿದ್ದು!"

ಬಾಗಿಲಲ್ಲಿದ್ದ ಹೈಕೆ ಕಣ್ಣರಳಿಸಿದ್ಲು. "ತಮಾಷೆಗೆ ಅಂದೆ ಮೇಡಂ. ಮೂರು ವರ್ಷದ ಮಗುಗೂ ಗೊತ್ತಿರುತ್ತೆ. ಇವಳು ಇಲ್ಲೇ ಬೆಳೆದೋಳಲ್ವಾ?"

ಮೇಡಂ ಕಾಗದ ಮುಂದೆ ತಳ್ಳಿದ್ರು. "ಅರ್ಥ ಆಗದಿದ್ರೆ ಹೈಕೆ ಬಿಡಿಸಿ ಹೇಳ್ತಾಳೆ."

"ಬೇಡ."

ಅರ್ಥ ಆಯ್ತು. ಡಿಕ್ಷನರಿ ಇಲ್ದೆ ಅವಳು ಪೂರ್ತಿ ಓದಿ ಮುಗಿಸಿದ ಮೊದಲ ಸರ್ಕಾರಿ ಥರದ ಕಾಗದ ಅದು. ಟ್ರಯಲ್‌ನಲ್ಲಿ ಫೇಲು. ಹದಿನಾಲ್ಕು ದಿನದಲ್ಲಿ ಜಾಗ ಖಾಲಿ ಮಾಡಬೇಕು.

"ನಿನ್ನ ಜರ್ಮನ್ ನಿನ್ನೆ ತುಂಬಾ ಚೆನ್ನಾಗಿತ್ತು," ಅಂದ್ರು ಮೇಡಂ, ನಿಜವಾಗ್ಲೂ ಮೆಚ್ಚಿ. "ಹೇಗೂ ಬಂದಿದೀಯ. ಪಾರ್ಟಿಗೆ ಜನ ಸಾಲ್ತಿಲ್ಲ, ಪಾತ್ರೆ ಕಡೆ ನೋಡ್ಕೊ."

ಅಡುಗೆಮನೆ ಗೋಡೆಯಾಚೆ ಮೇಯರ್ ಭಾಷಣ, ಚಪ್ಪಾಳೆ, ಹಾಡು. ಅಜ್ಜನ ದನಿ ಎಲ್ಲರಿಗಿಂತ ಜೋರು. ಹೈಕೆ ಖಾಲಿ ತಟ್ಟೆಗಳನ್ನ ತಂದು ಸಿಂಕಿಗೆ ಸುರಿದ್ಲು.

"ನಿನ್ನ ಕೇಕು ಸೂಪರ್ ಕಣೆ. ಮುದುಕ ಮೂರು ಪೀಸ್ ಹೊಡೆದ. ಮಾಡೋದ್ ಹೇಗೆ ಅಂತ ಬರ್ಕೊಡ್ತೀಯಾ?"

ಏಪ್ರನ್ ಜೇಬಲ್ಲಿ ಫೋನು ಗುಂಯ್ ಅಂತು. ಮೆರಿಮಾ. ಒದ್ದೆ ಕೈಯಲ್ಲೇ ಎತ್ತಿದ್ಲು.

"ಅಮ್ಮಾ, ಬ್ಯಾಗ್ ಯಾವ್ದು ತರ್ಲಿ? ದೊಡ್ದಾ, ಚಿಕ್ದಾ?"

ಜುಮ್ರೆತಾ ಬಾಯಿ ತೆಗೆದ್ಲು. "ಮತ್ತೆ ಹೇಳು, ಪುಟ್ಟಿ," ಅಂದ್ಲು.